ನಿಟ್ಟೂರಿನಲ್ಲಿ ಇಳಿಯುವವರು

ಹನ್ನೊಂದು ವರ್ಷ ಈ ರೂಟಿನಲ್ಲಿ ಟಿಕೆಟು ಹರಿದಿದ್ದೇನೆ.
ಬೆನ್ನಿಗೆ ಚೀಲ, ಕೊರಳಿಗೆ ಕ್ಯಾಮೆರಾ, ಕಣ್ಣಲ್ಲಿ ಅರ್ಧ ನಿದ್ದೆ:
"ಮೇಡಂ, ಕೊಡಚಾದ್ರಿಗೆ ಎಲ್ಲಿಳೀಬೇಕು?"
"ನಿಟ್ಟೂರು. ಚಿಲ್ಲರೆ ಕೊಡಿ."
ಇಳಿದವರು ಯಾವ ಕಡೆ ಹೋದರೆಂದು ನೋಡಿದವಳಲ್ಲ,
ಅಷ್ಟರಲ್ಲಿ ಮುಂದಿನ ಸ್ಟೇಜು ಬಂದಿರುತ್ತಿತ್ತು.

ಇವತ್ತು ವಾರದ ರಜೆ. ಖಾಕಿ ಹಗ್ಗದ ಮೇಲೆ ಒಣಗುತ್ತಿದೆ.
ಮಗಳ ಶೂ ನನ್ನ ಕಾಲಲ್ಲಿ, ಎರಡು ಜೊತೆ ಸಾಕ್ಸು ಒಳಗೆ.
ಡ್ರೈವರ್ ಖಲಂದರ್, ವರ್ಕ್‌ಶಾಪಿನ ಬಂಗಾರಮ್ಮ, ನಾನು:
ನಿಟ್ಟೂರಿನಲ್ಲಿ ನಾವೇ ಇಳಿದೆವು.
ನಮ್ಮ ಡಿಪೋದ ಗಾಡಿ ನಮ್ಮನ್ನೇ ಬಿಟ್ಟು ಏರು ಹತ್ತುವಾಗ
ಖಲಂದರ್ ಹಲ್ಲು ಕಡಿದ:
"ಸೆಕೆಂಡಿಗೆ ಹಾಕೋ, ಪುಣ್ಯಾತ್ಮ."

ಗೈಡು ಗುತ್ಯಪ್ಪ ಮುಂದೆ. ಅವನ ಕೋಲಿನ ತುದಿಗೆ
ಬಟ್ಟೆಯಲ್ಲಿ ಕಟ್ಟಿದ ಉಪ್ಪು, ಚೂರು ಹೊಗೆಸೊಪ್ಪು.
ಉಂಬಳ ಹತ್ತಿದ ಕಾಲಿಗೆ ಅದರಿಂದ ಒಂದು ಮುಟ್ಟು,
ಸುರುಟಿಕೊಂಡು ಉದುರುತ್ತದೆ.
ಕೇಳಿದರೆ ಮರದ ಹೆಸರು ಹೇಳುತ್ತಾನೆ, ಧೂಪ, ಹೈಗ, ಸುರಹೊನ್ನೆ.
ಕೇಳದಿದ್ದರೆ ಇಲ್ಲ.
ಕೇಳುವುದು ನನ್ನ ಕಸುಬು. ಆದರೂ ಅರ್ಧ ಗಂಟೆಯಲ್ಲಿ
ನನ್ನ ಬಾಯೂ ಕಟ್ಟಿತು.

ಹಿಡ್ಲುಮನೆಯ ಅಬ್ಬಿಯಲ್ಲಿ ನೀರೇ ಮೆಟ್ಟಿಲು, ನೀರೇ ದಾರಿ.
ಬಂಗಾರಮ್ಮ ಧಾರೆಗೆ ಅಂಗೈ ಒಡ್ಡಿ ಬಹಳ ಹೊತ್ತು ನಿಂತಳು,
ಉಗುರು ಸಂದಿಯ ಗ್ರೀಸು ಇದ್ದಲ್ಲೇ ಇತ್ತು.
"ಸೀಮೆಎಣ್ಣೆಗೇ ಜಗ್ಗಿಲ್ಲ, ಇದಕ್ಕೆ ಹೋಗುತ್ತಾ," ಅಂದಳು.
ಆದರೂ ಕೈ ತೆಗೆಯಲಿಲ್ಲ.

ಅಬ್ಬಿ ದಾಟಿ ಕತ್ತಲಂಥ ಕಾಡಿನಲ್ಲಿ
ಯಾರೋ ಸೀಟಿ ಊದಿದರು.
ನನ್ನ ಕಾಲು ನಿಂತೇಬಿಟ್ಟಿತು, ಬಲಗೈ ಮೇಲೆದ್ದು
ಇಲ್ಲದ ಕಂಬಿ ಹುಡುಕಿತು.
ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು;
ಇದು ಒಂದೂ ಅಲ್ಲ, ಎರಡೂ ಅಲ್ಲ,
ಶಾಲೆ ತಪ್ಪಿಸಿದ ಹುಡುಗ ಹಳ್ಳದ ದಂಡೆಯಲ್ಲಿ ಕೂತು
ಯಾರಿಗೂ ಅಲ್ಲದೆ ಊದಿದ ಹಾಗೆ,
ಏರಿ, ಮರೆತು, ಮತ್ತೆ ಎಲ್ಲಿಂದಲೋ ಶುರು.
"ಹಕ್ಕಿ," ಅಂದ ಗುತ್ಯಪ್ಪ. ನಾವು ಕೇಳಿರಲಿಲ್ಲ.
ಇಂಥ ಸೀಟಿಗೆ ಏನು ಮಾಡಬೇಕೆಂದು ಗೊತ್ತಾಗದೆ
ನಾನು ನಿಂತೇ ಇದ್ದೆ.

ಆಮೇಲೆ ಮರ ಮುಗಿದು ಹುಲ್ಲು. ಗಾಳಿ.
ಹನ್ನೊಂದು ವರ್ಷ ನಿಂತೇ ಪ್ರಯಾಣ ಮಾಡಿದ ಮೊಣಕಾಲು
ಹತ್ತು ಹೆಜ್ಜೆಗೊಮ್ಮೆ ತಕರಾರು ತೆಗೆಯಿತು.
ತುದಿಯ ಕಲ್ಲುಮಂಟಪದ ಹಿಂದೆ ಅವಲಕ್ಕಿ ಬಿಚ್ಚಿದೆವು.
ಪಡುವಣಕ್ಕೆ ಸಮುದ್ರ ಅಂದರು, ನನಗೆ ಕಂಡದ್ದು
ಇಸ್ತ್ರಿ ಮಾಡಿದ ಸೀರೆಯ ಮಡಿಕೆಯಂಥ ಒಂದು ಗೆರೆ.
ಕ್ಯಾಮೆರಾದವರೆಲ್ಲ ಅತ್ತ ತಿರುಗಿದ್ದರು,
ನಾವು ಮೂವರು ಮೂಡಣಕ್ಕೆ ತಿರುಗಿ ಕೂತು
ರಸ್ತೆ ಹುಡುಕಿದೆವು.

ಸಿಕ್ಕಿತು. ಹಸಿರಿನಲ್ಲಿ ಬಿದ್ದ ನೂಲಿನ ತುಂಡು,
ಅದರ ಮೇಲೆ ಕೆಂಪು ಇರುವೆ.
"ಒಂದೂವರೆಯ ಗಾಡಿ," ಖಲಂದರ್ ಗಡಿಯಾರ ನೋಡಿದ, "ಹನ್ನೆರಡು ನಿಮಿಷ ಲೇಟು."
ಅದರೊಳಗೆ ಅರವತ್ತು ಜನ, ಎರಡು ರೂಪಾಯಿಯ ಜಗಳ,
ಕಿಟಕಿ ಸೀಟಿಗೆ ಹಾಸಿದ ಟವೆಲ್ಲು,
ನಡುವೆ ದಾರಿ ಬಿಡಿಸಿಕೊಳ್ಳುತ್ತ ನನ್ನಂಥವಳು ಒಬ್ಬಳು.
ಸದ್ದೇ ಇಲ್ಲ.
ನನಗೆ ನಗು ಬಂತು, ಆಮೇಲೆ ಯಾಕೋ ಬರಲಿಲ್ಲ.

ಇಳಿಯುವಾಗ ಜೀಪಿನ ದಾರಿ. ಹಾದುಹೋದ ಒಂದೊಂದು ಜೀಪಿಗೂ
ಬಂಗಾರಮ್ಮ ಕಿವಿಯಿಂದಲೇ ರೋಗ ಹೇಳಿದಳು.
"ಇದರ ಕ್ಲಚ್ಚು ದೀಪಾವಳಿ ಕಾಣಲ್ಲ."

ರಾತ್ರಿ ಸಾಕ್ಸು ಬಿಚ್ಚಿದರೆ ಹಿಮ್ಮಡಿಯ ಮೇಲೆ
ನನಗೇ ತಿಳಿಯದೆ ಹರಿದು ಒಣಗಿದ ರಕ್ತ.
ಮಗಳ ಶೂ ತೊಳೆದು ಒಲೆಯ ಹತ್ತಿರ ಇಟ್ಟೆ.

ಮರುದಿನ ಅದೇ ಐದೂವರೆಯ ಗಾಡಿ.
ಸಂಪೆಕಟ್ಟೆ ದಾಟಿದ ಮೇಲೆ ಇಬ್ಬರು ಹುಡುಗರು:
"ಮೇಡಂ, ಮೇಲೆ ನೋಡೋಕೆ ಏನೇನಿದೆ?"
ಬಾಯಿ ತೆರೆದೆ. ಒಂದೂ ಬರಲಿಲ್ಲ.
ನಿಟ್ಟೂರಿನಲ್ಲಿ ಇಳಿದರು. ಎರಡು ಸೀಟಿ ಊದಬೇಕು.
ಒಂದಿಷ್ಟು ತಡೆದು, ಬಾಗಿಲಿಗೆ ಬಗ್ಗಿ ಕೂಗಿದೆ:
"ಉಪ್ಪು ಇಟ್ಕೊಂಡಿದೀರಾ?"