ದೀಪವಿಲ್ಲದ ದೋಣಿಗಳ ಲೆಕ್ಕ

ಸ್ಟ್ರಾಸ್‌ಬರ್ಗಿನ ಆ ನೆಲಮಾಳಿಗೆಯಲ್ಲಿ
ಸೂಕ್ಷ್ಮದರ್ಶಕದ ಕೋಣೆಗೆ ಕಿಟಕಿಯಿಲ್ಲ.
ಗೋಡೆಗೆ ಕಪ್ಪು ಬಳಿದು ಹನ್ನೊಂದು ವರ್ಷ.
ಓದಿಲ್ ಕ್ಲೆಂಟ್ಸ್ ಒಳಗೆ ಬಂದಳೆಂದರೆ
ಮೊದಲು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಾಳೆ,
ಅದರ ಮುಳ್ಳಿನ ಹೊಳಪೂ ಅವಳಿಗೆ ತೊಂದರೆ.

ನಾನು ಆಗ ಹೊಸಬ. ಫ್ರಿಜ್ಜಿನ ಡಬ್ಬಿಗಳ ಮೇಲೆ
ಪಾಲಕ್, ಬ್ರೊಕೊಲಿ, ಮಾವು, ಮೆಣಸು, ಜೋಳ.
ಯಾರದೋ ಸಂತೆಯ ಚೀಟಿ ಎಂದುಕೊಂಡೆ.
ನಕ್ಕಳು. "ಬೇಯಿಸಿ ತಿನ್ನುವುದಲ್ಲ, ಗ್ವೆನೊಲೆ,
ಇವೆಲ್ಲ ಆರ್‌ಎನ್‌ಎ ಎಳೆಗಳು. ಮಡಚಿ ಮಡಚಿ
ನಡುವೆ ಒಂದು ಗೂಡು ಮಾಡಿಕೊಳ್ಳುತ್ತವೆ.
ಹೆಸರಿಟ್ಟವರಿಗೆ ಹಸಿವಾಗಿತ್ತೋ ಏನೋ."

ಪ್ರೋಟೀನಿಗಾದರೆ ಲೋಳೆಮೀನು ದೀಪ ಕೊಟ್ಟಿತು.
ಆರ್‌ಎನ್‌ಎಗೆ ಯಾರೂ ಏನೂ ಕೊಡಲಿಲ್ಲ.
ಓಲೆ ಹೊತ್ತು, ಕೋಶಕೇಂದ್ರದ ಬಾಗಿಲು ದಾಟಿ,
ಕೆಲಸ ಮುಗಿಸಿ, ಚೂರುಚೂರಾಗಿ,
ಕತ್ತಲಲ್ಲೇ ಹುಟ್ಟಿ ಕತ್ತಲಲ್ಲೇ ತೀರುವ ಜಾತಿ.

ಬಣ್ಣದ ಅಣುವೂ ಅಷ್ಟೇ. ಒಂಟಿಯಾಗಿದ್ದಾಗ
ನೀಲಿ ಬೆಳಕು ಎಷ್ಟು ಉಣಿಸಿದರೂ
ಮೈ ತಿರುಚಿ ತಿರುಚಿ ಎಲ್ಲವನ್ನೂ ಬಿಸಿಯಾಗಿ ಕಳೆದುಬಿಡುತ್ತದೆ,
ಊಟಕ್ಕೆ ಕೂತಲ್ಲಿ ಕೂರದ ಹುಡುಗನ ಹಾಗೆ.
ಆ ಗೂಡು ಸಿಕ್ಕಿ, ಎರಡೂ ಬದಿ ಅದುಮಿಕೊಂಡಾಗ ಮಾತ್ರ
ಮಿಸುಕಾಡಲಾಗದೆ
ಹಸಿರು.

ಇದನ್ನು ಬೋರ್ಡಿನ ಮೇಲೆ ಚಂದವಾಗಿ ಬರೆದೆ.
ನಳಿಕೆಯಲ್ಲಿ ಚಂದವಾಗಿ ಹೊಳೆಯಿತು ಕೂಡ.
ಜೀವಕೋಶದೊಳಗೆ ಇಟ್ಟರೆ ಕತ್ತಲು.
ನವೆಂಬರ್ ಕತ್ತಲು. ಜನವರಿ ಕತ್ತಲು.
ಒಳಗೆ ಮೆಗ್ನೀಸಿಯಂ ಸಾಲದು, ಬಿಸಿ ಹೆಚ್ಚು,
ಪಕ್ಕದ ಎಳೆಗಳು ಮೈಮೇಲೆ ಬಿದ್ದು ಮಡಿಕೆ ಬಿಚ್ಚುತ್ತವೆ.
ಮನೆಯಲ್ಲಿ ಹಾಡುವವಳು ಸಭೆಯಲ್ಲಿ ಮೂಕಿ.

ಅಂಥ ಒಂದು ರಾತ್ರಿ ಓದಿಲ್ ಅಪ್ಪನ ಮಾತು ತೆಗೆದಳು.
ಮಾರ್ನ್-ರೈನ್ ಕಾಲುವೆಯಲ್ಲಿ ತೂಬು ಕಾಯುತ್ತಿದ್ದವನು.
ಯಾವ ಸರಕುದೋಣಿ, ಎಷ್ಟು ಗಂಟೆಗೆ, ಯಾವ ಕಡೆಗೆ,
ಎಲ್ಲ ದಪ್ಪ ಪುಸ್ತಕದಲ್ಲಿ, ಸೀಸದಕಡ್ಡಿಯ ಅಕ್ಷರದಲ್ಲಿ.
ದೀಪ ಕೆಟ್ಟ ದೋಣಿ ಬಂದರೆ
ಅದರ ಮೂತಿಗೆ ತನ್ನದೇ ಲಾಟೀನು ಕಟ್ಟಿ ಕಳಿಸುತ್ತಿದ್ದ.
"ಎಷ್ಟು ಲಾಟೀನು ವಾಪಸು ಬಂದವು?" ಅಂದೆ.
"ಅಮ್ಮನೂ ಅದನ್ನೇ ಕೇಳುತ್ತಿದ್ದಳು."

ಬೆಳಿಗ್ಗೆ ಎಳೆಯ ಬಾಲಕ್ಕೆ ಎಂಟು ಗೂಡು ಪೋಣಿಸಿದೆವು,
ಒಂದೊಂದಕ್ಕೂ ಆಸರೆಯ ಮಡಿಕೆ,
ಬಳ್ಳಿಗೆ ಕೋಲು ಕೊಟ್ಟ ಹಾಗೆ.

ಮಾರ್ಚ್ ತಿಂಗಳ ಒಂದು ಗುರುವಾರ, ನಸುಕಿನ ಮೂರೂಕಾಲಿಗೆ,
ಪರದೆಯ ಮೇಲೆ ಒಂದು ಧೂಳಿನ ಕಣ.
ಮಸೂರ ಒರೆಸಲು ಎದ್ದೆ.
"ಮುಟ್ಟಬೇಡ. ಧೂಳು ಹಾಗೆ ನಡೆಯುವುದಿಲ್ಲ."
ಅದು ನಡೆಯುತ್ತಿತ್ತು. ಕೋಶಕೇಂದ್ರದ ಅಂಚಿಗೆ ಬಂದು,
ತುಸು ತಡೆದು, ಹಿಂದೆ ಸರಿದು,
ತೂಬು ತೆರೆಯಿತೆಂಬಂತೆ ಹೊರಗೆ.
ಓದಿಲ್ ಏನೂ ಹೇಳಲಿಲ್ಲ. ಗಂಟೆ ಬರೆದುಕೊಂಡಳು.

ಆಮೇಲೆ ಆರಿತು.
ನೋಡಿದ್ದಕ್ಕೇ ಆರಿತು. ನಾವು ಸುರಿದ ಬೆಳಕೇ
ಆ ಬಣ್ಣವನ್ನು ಕೆಡಿಸಿತ್ತು. ನಾನು ಬೆಳಕು ಏರಿಸಹೊರಟೆ.
ಅವಳು ಕೈ ಹಿಡಿದಳು, ಮುಚ್ಚಳ ಎಳೆದಳು.
"ಕೆಟ್ಟದ್ದು ಜಾಗ ಬಿಡಲಿ. ಹೊಸದು ಬಂದು ಕೂರಲಿ.
ಅಷ್ಟು ಹೊತ್ತು ನಮ್ಮ ಕಣ್ಣು ಅದಕ್ಕೆ ಬೇಡ."

ಕತ್ತಲಲ್ಲಿ ಕೂತೆವು. ಫ್ಯಾನಿನ ಸದ್ದು.
ಹತ್ತು ಸೆಕೆಂಡೋ, ಇನ್ನೂ ಹೆಚ್ಚೋ.
ಅಪ್ಪನ ಪುಸ್ತಕದ ಕೊನೆಯ ಪುಟಗಳಲ್ಲಿ
ದೋಣಿಯ ಹೆಸರಿರಬೇಕಾದ ಕಡೆ
'ಸದ್ದು ಮಾತ್ರ' ಎಂದಿತ್ತಂತೆ, ಸಾಲು ಸಾಲಾಗಿ.
ಕಣ್ಣು ಹೋಗಿತ್ತು. ಯಾರಿಗೂ ಹೇಳಿರಲಿಲ್ಲ.

ಮುಚ್ಚಳ ತೆರೆದಳು.
ಅಲ್ಲೇ ಇತ್ತು ಎನ್ನಲಾರೆ. ತುಸು ಆಚೆ,
ಹಸಿರಾಗಿ, ಸ್ವಲ್ಪ ಮಂಕಾಗಿ,
ನಮ್ಮ ಗೊಡವೆಯಿಲ್ಲದೆ
ತನ್ನ ಕೆಲಸಕ್ಕೆ ಹೊರಟಿತ್ತು.