ಚಿಮಣಿ ಬೆಳಕು

ಗುಳೇದಗುಡ್ಡದ ತಹಶೀಲ್ದಾರ ಕಚೇರಿ. ಪಂಖಾ ತಿರಗವಲ್ದು.
ಕಾರಕೂನ ಕೇಳ್ತಾನ: ಇದು ಹುಟ್ಟಿದಾಗ ನೀ ಇದ್ದೇನಬೇ ಮುದುಕಿ?
ಇದ್ನೆಪಾ. ಈ ಕೈಯಾಗ ಬಿದ್ದದ್ದು ಅದು,
ಜಾರತಿತ್ತು, ಹಸಿ ರೇಶಿಮಿ ಲಡಿ ಇದ್ದಂಗ.

ಅದು ಅಂದ್ನಿ, ನೋಡು.
ಮೊದಲ ಎಲ್ಲಾರೂ ಅದು.
ಕೂಸು ಅಳತೈತಿ, ಕೂಸು ಉಸರಾಡತೈತಿ.
ಹೊಕ್ಕಳ ಕೊಯ್ಯೂಮಟ ನಮ್ಮ ಮಾತಿನಾಗೂ
ಗಂಡಿಲ್ಲ, ಹೆಣ್ಣಿಲ್ಲ.
ಆಮ್ಯಾಲ ಬಾಗಲದ ಹೊರಗ ಯಾರೋ ಕೆಮ್ಮತಾರ.
ಏನಾತವ್ವಾ?
ಚಿಮಣಿ ಎತ್ತಿ, ಕಾಲ ಸರಿಸಿ ನೋಡಿದ್ನಿ,
ಒಂದ ಉಸರಿನಷ್ಟೊತ್ತು.
ಹೆಣ್ಣು ಅಂದ್ನಿ.
ಅಷ್ಟ. ಕೂಸು ಅಳತಾಳ ಅಂದ್ರು ಹೊರಗ.

ಆ ಒಂದ ಮಾತಿಗೆ
ಫೇಡೆ ತರಾಕ ಹೊಂಟಾಂವ ತಿರುಗಿ ಬಂದ,
ಸಕ್ಕರಿ ಹಂಚಿದ್ರು.
ಐದನೇ ರಾತ್ರಿ ಶೆಟಿಗೆವ್ವ ಬಂದು ಹಣಿಮ್ಯಾಲ ಬರದಳಂತ.
ಆಕಿ ಏನ ಬರದಳೋ, ನನಗ ಓದಾಕ ಬರೂದಿಲ್ಲ,
ಜನ ಮಾತ್ರ ನಾ ಅಂದದ್ದನ್ನ ಓದಿದ್ರು.
ನಿಂಬೆವ್ವ ಅಂತ ಹೆಸರಿಟ್ರು.

ಕಂಡಕಿ ಸುತ್ತಾಕ ಹಚ್ಚಿದ್ರು ಆಕೀನ್ನ.
ಆ ಮನಿಯಾಗ ಹೆಣಮಕ್ಕಳು ರಾಟಿ ಮುಂದ,
ಗಂಡಸರು ಮಗ್ಗದ ಕುಣ್ಯಾಗ.
ಎಂಟ ವರ್ಷಕ್ಕ, ಎಲ್ಲಾರೂ ಮಧ್ಯಾಹ್ನ ಮಲಗಿದಾಗ
ಇಳದು ಕುಂತಿದ್ದಳು. ತುಳಿಮಣಿಗೆ ಕಾಲು ನಿಲಕತಿದ್ದಿಲ್ಲ.
ಬಡದ್ರು.
ಮರುದಿನ ಮತ್ತ ಕುಂತಿದ್ದಳು.
ಹನ್ನೆರಡಕ್ಕ ಜಡಿ ಕತ್ತರಿಸಿ ಒಲಿಯಾಗ ಒಗದು ಅಂದ,
ಹೂಂ, ಅಂದ:
ಹೆಸರು ಇರಲಿ, ಅದರ ಬಾಲ ಬದಲ ಮಾಡ್ರಿ.

ಬಾಗಲಕೋಟಿ ಡಾಕ್ಟರು ನೆತ್ತರ ತಗದು ನೋಡಿದ್ರು.
ಎಲ್ಲಾ ಸರಿ ಐತಿ, ನೆತ್ತರ ಹೆಣ್ಣಂತೈತಿ ಅಂದ್ರು.
ಇನ್ನೊಬ್ಬ ಡಾಕ್ಟರಬಾಯಿ, ಸಣ್ಣ ವಯಸ್ಸಿನಾಕಿ, ಅಂದಳು:
ನೆತ್ತರ ಒಂದ ಮಾತಾಡೂದಿಲ್ಲ ಅಜ್ಜಿ, ಮಿದುಳೂ ಮೈಯಾಗ ಐತಿ,
ಬಸರಾಗಿನ ಒಂಬತ್ತ ತಿಂಗಳ ಲೆಕ್ಕ ನಮಗೂ ಪೂರಾ ಸಿಕ್ಕಿಲ್ಲ.
ಸಾಲಿ ಮಾಸ್ತರ ಅಂದ: ಹಾಸು ಹುಟ್ಟಿಂದು, ಹೊಕ್ಕು ಊರಿಂದು.
ಛಲೋ ಅಂದಿ ಮಾಸ್ತರ.
ಹಂಗಾರ ಕುಣ್ಯಾಗ ಕುಂತು ನೇಯಾಂವ ಯಾರು?
ಮಾಸ್ತರ ಚಾ ಕುಡದು ಎದ್ದ ಹೋದ.

ಸಾಹೇಬ, ಇನ್ನೊಂದ ಮಾತು. ಇದನ್ನ ಬರಕೋಬ್ಯಾಡ.
ನಾನೂರರ ಮ್ಯಾಲ ಕೂಸು ಹಿಡದೀನಿ ನಾ.
ಎರಡಿದ್ವು, ಚಿಮಣಿ ಎಷ್ಟ ಎತ್ತಿದ್ರೂ ತಿಳೀಲಿಲ್ಲ.
ಒಂದ ಮನಿಯಾಗ ಆಗಲೇ ಮೂರು ಹೆಣ್ಣಿದ್ವು. ಗಂಡು ಅಂದ್ನಿ.
ಇನ್ನೊಂದಕ್ಕ ಏನಂದ್ನೋ ಮರತೀನಿ.
ಸುಳ್ಳು. ಮರತಿಲ್ಲ.

ನಿಂಬಣ್ಣ ಬಾಜೂಕ ನಿಂತಾನ, ಮೂವತ್ತನಾಕು ವರ್ಷ,
ಅಂಗೈಯಾಗ ಮಗ್ಗದ ಜಡ್ಡು.
ಮೊನ್ನಿ ತಾನ ನೇದ ಖಣ ತಂದ ಕೊಟ್ಟ,
ಆನಿಹೆಜ್ಜಿ ಐತಿ ಅಂದ. ನನಗ ಕಾಣೂದಿಲ್ಲ ಈಗ,
ಹೆಬ್ಬಟ್ಟಿಲೆ ತಡವಿ ನೋಡಿದ್ನಿ,
ಬಾಳ ಹೊತ್ತು ನೋಡಿದ್ನಿ.

ಕಾರಕೂನ ಮತ್ತ ಕೇಳ್ತಾನ:
ಅಜ್ಜಿ, ಅವತ್ತ ನೀ ಕಂಡದ್ದೇನು, ಖರೇ ಹೇಳು.
ಚಿಮಣಿ ಸಣ್ಣದಿತ್ತೋ ಸಾಹೇಬ.
ಹೆಬ್ಬಟ್ಟು ಎಲ್ಲಿ ಒತ್ತಲಿ?