ಪೈಪಿನ ಹಿಂದಿನ ಅಣಬೆ

ಕಟ್ಲೆಟ್ಟೆಂದರೆ ರೈಲಿನಲ್ಲಿ ಮಾರುವ ಆಲೂಗಡ್ಡೆಯದಲ್ಲ,
ತಿಳಿದುಕೊಳ್ಳಿ ಸವರಿಯಪ್ಪನವರೇ.
ಇದು ಹಂದಿಯ ಬೆನ್ನಿನ ಹಲ್ಲೆ, ಬೆರಳಿನಷ್ಟು ದಪ್ಪ,
ಒಂದು ಅಂಚಿಗೆ ಬಿಳೀ ಕೊಬ್ಬಿನ ಜರಿ.
ಲಟ್ಟಣಿಗೆ ತಗೊಂಡು ಬಡಿಯಿರಿ, ಮೆಲ್ಲಗೆ.
ಪಕ್ಕದ ಕ್ವಾರ್ಟರ್ಸಿನವರು
ಮದುವೆಯಾಗಿ ನಾಲ್ಕೇ ತಿಂಗಳಿಗೆ ಶುರುವಾಯಿತು ಅಂದುಕೊಂಡಾರು.

ನನಗೆ ನಲವತ್ತೇಳು, ನಿಮಗೆ ಐವತ್ತೆರಡು.
ನನಗೂ ಈ ಅಡುಗೆಗೂ ಇಪ್ಪತ್ತು ವರ್ಷದ ಗುರುತು.
ಶಿವಮೊಗ್ಗದ ಕಾನ್ವೆಂಟಿಗೆ ದೊಡ್ಡವರು ಬಂದಾಗಲೆಲ್ಲ
ಸಿಸ್ಟರ್ ಮಟಿಲ್ಡಾ ನನ್ನ ಹೆಗಲ ಹಿಂದೆ ನಿಂತು
‘ಆತುರ ಬೇಡ ಆರೋಗ್ಯಂ, ಆತುರ ಬೇಡ’.
ಬಡಿಸಿ ಬಂದು ಬಾಗಿಲ ಸಂದಿಯಲ್ಲಿ
ಚಾಕು ಚಮಚದ ಸದ್ದು ಕೇಳುತ್ತಿದ್ದೆ.
ತಟ್ಟೆ ವಾಪಸು ಬಂದಾಗ ಅಂಚಿನ ರಸವನ್ನು
ಬೆರಳಲ್ಲಿ ಸವರಿ ನೆಕ್ಕಿದ್ದುಂಟು.
ಕೂತು ತಿಂದದ್ದು ಒಂದು ಸಲವೂ ಇಲ್ಲ.

ಕಾವಲಿ ಕಾಯಲಿ. ನಿಮ್ಮ ಮೊದಲನೆಯವರದಲ್ಲವೇ ಇದು?
ದೋಸೆ ಹೊಯ್ದು ಹೊಯ್ದು ಕನ್ನಡಿಯಾಗಿದೆ.
ಅವರ ಕೈ ಒಳ್ಳೆಯದಿತ್ತು, ಗೊತ್ತಾಗುತ್ತದೆ.
ಇಗೋ, ಚುಂಯ್.
ಈ ಸದ್ದು ಸತ್ತರೆ ಮಾಂಸ ಬೆವರಿ ಬೇಯುತ್ತದೆ,
ಹುರಿಯುವುದಿಲ್ಲ. ಕೆದಕಬೇಡಿ.
ಅದಾಗಿ ತಳ ಬಿಡುವ ತನಕ ಬಿಡಿ.

ತೆಗೆದಿಟ್ಟು, ಈರುಳ್ಳಿ, ನಾಲ್ಕು ಕಾಳುಮೆಣಸು,
ಆಮೇಲೆ ವೈನು.
ತಂಗಿ ಜಪಮಾಲೆ ಕ್ರಿಸ್‌ಮಸ್ಸಿಗೆ ಇಳಿಸಿದ್ದು,
ಹಾರ್ಲಿಕ್ಸ್ ಬಾಟಲಿಯಲ್ಲಿ ಉಳಿದ ಕೊನೆಯ ಮೂರು ಬೆರಳು.
ಸುರಿದ ಕೂಡಲೇ ಹೊಗೆ, ಹುಳಿ, ದ್ರಾಕ್ಷಿ.
ತಳ ಹಿಡಿದದ್ದೆಲ್ಲ ಕೆಂಪಗೆ ಎದ್ದು ಬಂತು.
ತಳ ಹಿಡಿದದ್ದೇ ರುಚಿ ಎಂದು ಸಿಸ್ಟರ್ ಹೇಳಿದಾಗ
ನಾನು ನಂಬಿರಲಿಲ್ಲ.

ಈಗ ಅಣಬೆ.

ಈ ವಾರ ಗುತ್ಯಮ್ಮ ಸಾಗುವಾನಿ ಎಲೆಯ ಪೊಟ್ಟಣ ತರಲಿಲ್ಲ.
ನೀವೇ ರಾತ್ರಿ ಪಾಳಿ ಮುಗಿಸಿ ತಂದಿರಿ, ಹೆಲ್ಮೆಟ್ಟಿನ ತುಂಬ.
‘ಎಲ್ಲಿದ್ದವು?’
‘ಪವರ್ ಹೌಸಿನ ಪೈಪಿನ ಹಿಂದೆ.’
‘ಹುತ್ತದ ಮೇಲಿನದ್ದೇ?’
‘ಹುತ್ತದ್ದೇ. ಅಂದರೆ, ಹುತ್ತದ ಹತ್ತಿರದ್ದು.’
ಹತ್ತಿರ ಎಂದರೆ ಎಷ್ಟು ಹತ್ತಿರ?
ಹುತ್ತದ ಅಣಬೆಗೆ ಬುಡದಲ್ಲಿ ಮೊಳದುದ್ದ ಬೇರು,
ಗೆದ್ದಲ ಗೂಡಿನ ತನಕ ಇಳಿದಿರುತ್ತದೆ.
ನೀವೋ ಅಚ್ಚುಕಟ್ಟಿನವರು,
ವೈರು ಕತ್ತರಿಸಿದ ಹಾಗೆ ಬುಡ ಕತ್ತರಿಸಿ ತಂದಿದ್ದೀರಿ.

ರಾಣಿ ರೂಪಾಯಿ ಹಾಕಿ ನೋಡೋಣ,
ಬೆಳ್ಳಿ ಕಪ್ಪಾದರೆ ವಿಷ ಅಂದಿರಿ.
ಬೆಳ್ಳಿಗೇನು ಗೊತ್ತು? ಆ ರಾಣಿಯ ಮೂಗೇ ಸವೆದುಹೋಗಿದೆ.
ಹಾಗಾದರೆ ನಾನು ಮೊದಲು ತಿನ್ನುತ್ತೇನೆ,
ಅರ್ಧ ಗಂಟೆ ಕಾದು ನೋಡು ಅಂದಿರಿ.
ಕೆಲವು ವಿಷ ಒಂದಿಡೀ ದಿನ ಸುಮ್ಮನಿರುತ್ತದೆ.
ಇನ್ನೊಮ್ಮೆ ಒಬ್ಬಳೇ ಆಗುವ ಶಕ್ತಿ ನನಗಿಲ್ಲ
ಎಂದು ನಾನು ಹೇಳಲಿಲ್ಲ.
ಸ್ಟೌ ಆರಿಸಿದೆ, ಅಷ್ಟೆ.

ನೀವು ಟಾರ್ಚು ತಗೊಂಡಿರಿ. ದೊಡ್ಡ ಸ್ಕ್ರೂಡ್ರೈವರು ತಗೊಂಡಿರಿ.
ಎಲ್ಲಿಗೆ ಅಂತ ಹೇಳಲಿಲ್ಲ.
ವೈನಿನ ಮೇಲೆ ಕೊಬ್ಬು ಬಿಳಿಚಿ ಹೆಪ್ಪುಗಟ್ಟಿತು.
ಕಾರ್ಗಲ್ಲಿನ ಕೊನೆಯ ಬಸ್ಸು ಹಾರನ್ನು ಹೊಡೆದು ಹೋಯಿತು.
ಬಂದಿರಿ, ಮೊಣಕೈ ತನಕ ಕೆಸರು,
ಹೆಲ್ಮೆಟ್ಟಿನೊಳಗೆ ಈ ಸಲ ಬರೀ ಬೇರು,
ಮಣ್ಣು ಮೆತ್ತಿದ, ಮುದುಕಿಯ ಬೆರಳಿನಂಥ ಬೇರು.

ಟ್ಯೂಬ್‌ಲೈಟಿನ ಕೆಳಗೆ ಕೂತು
ಬುಡಕ್ಕೆ ಬುಡ ಹೊಂದಿಸಿ ನೋಡಿದೆವು.
ಒಂಬತ್ತು ಕೂಡಿದವು.
ಹತ್ತನೆಯದಕ್ಕೆ ಜೋಡಿ ಸಿಗಲಿಲ್ಲ, ಅದನ್ನು
ಕಿಟಕಿಯಿಂದಾಚೆ ಎಸೆದಿರಿ, ಪಾಪ, ಚೆನ್ನಾಗಿತ್ತು.

ಮತ್ತೆ ಸ್ಟೌ. ಒಂಬತ್ತು ಅಣಬೆ ಸೀಳಿ ಹಾಕಿ,
ಕೆನೆ ಒಂದು ಸೌಟು, ಮಾಂಸ ಮತ್ತೆ ಒಳಗೆ,
ಆತುರ ಬೇಡ, ಆತುರ ಬೇಡ.
ಹನ್ನೊಂದು ಗಂಟೆಗೆ ಎರಡು ತಟ್ಟೆ, ಅಕ್ಕಿ ರೊಟ್ಟಿ.
ನಾನು ಕೂತೆ. ಎದುರಿಗೆ ನೀವು.

ಒಂದು ತುತ್ತು ಅಗಿದು, ನುಂಗಿ, ಯೋಚಿಸಿ
‘ಉಪ್ಪು ಒಂದು ಕಲ್ಲು ಕಡಿಮೆ’ ಅಂದಿರಿ.

ಇಪ್ಪತ್ತು ವರ್ಷದಲ್ಲಿ
ಒಬ್ಬರೂ ಹೇಳಿರಲಿಲ್ಲ.